ಅಮ್ಮಿಣಿಯ ಮಡಿಲು

ಕೊಡಗಿನ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಯಾರಾದರೊಬ್ಬರು ನನ್ನನ್ನು ಗುರುತು ಹಿಡಿದು, ಬಾಯಲ್ಲಿ ಏನೂ ಹೇಳದೆ, ಸೊಂಟದ ಹತ್ತಿರ ಕೈ ಒಯ್ದು ಏನನ್ನೋ ಬಚ್ಚಿಟ್ಟುಕೊಳ್ಳುವ ಹಾಗೆ ಮಾಡಿ ನಗುತ್ತಾರೆ. ನಾನೂ ನಗುತ್ತೇನೆ. ನಗದೆ ಏನು ಮಾಡಲಿ? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟಿವಿ ಧಾರಾವಾಹಿಗಳಲ್ಲಿ ನಾನು ಮಾಡಿದ್ದು ಅದೊಂದೇ. ಮುಖಕ್ಕೆ ಕಪ್ಪು ಬಳಿದುಕೊಂಡು, ಕಾಡಿನಿಂದ ಬಂದ ಕೆಲಸದವಳಾಗಿ, ಯಜಮಾನಿ ಅತ್ತ ತಿರುಗಿದ ಕೂಡಲೇ ಕೈಗೆ ಸಿಕ್ಕಿದ್ದನ್ನು ಮಡಿಲಿಗೆ ತುಂಬಿಕೊಂಡು, ಕೇಳಿದರೆ ಕಣ್ಣು ಪಿಳಿಪಿಳಿ ಬಿಟ್ಟು ‘ನಾನ್ ಕಾಣೆ ಬುದ್ದೀ’ ಅನ್ನುವುದು. ಧಾರಾವಾಹಿ ಬದಲಾಗುತ್ತಿತ್ತು, ಸೀರೆ ಬದಲಾಗುತ್ತಿತ್ತು, ಅವಳು ಮಾತ್ರ ಅವಳೇ. ಸಂದರ್ಶನಕ್ಕೆ ಬಂದವರೆಲ್ಲ ‘ಮೇಡಂ, ಈ ಪಾತ್ರ ನಿಮಗೆ ಎಲ್ಲಿಂದ ಬಂತು?’ ಎಂದು ಕೇಳುತ್ತಿದ್ದರು. ‘ದೇವರು ಕೊಟ್ಟಿದ್ದು’ ಎಂದು ಕೈ ಮೇಲೆತ್ತಿ ತೋರಿಸುತ್ತಿದ್ದೆ. ಶುದ್ಧ ಸುಳ್ಳು. ದೇವರನ್ನು ಯಾಕೆ ಎಳೆಯಬೇಕು ಇದರೊಳಗೆ? ಅದನ್ನು ನಾನೇ ನಮ್ಮ ಮನೆಯ ಜಗಲಿಯ ಮೇಲೆ, ಎಂಟು ವರ್ಷದವಳಿದ್ದಾಗ ಕಟ್ಟಿದ್ದು. ಅಮ್ಮಿಣಿ ಎಂಬ ಹೆಂಗಸಿನ ಹೆಸರಿನಲ್ಲಿ ಕಟ್ಟಿದ್ದು. ಅವಳು ಯಾವತ್ತೂ ಮಾಡದ ಕಳ್ಳತನವನ್ನು ಅವಳ ಮೇಲೆ ಹೊರಿಸಿ, ಅವಳ ಅನ್ನಕ್ಕೆ ಕಲ್ಲು ಹಾಕಿ, ಅದರಿಂದ ನನ್ನ ಅನ್ನ ಹುಟ್ಟಿಸಿಕೊಂಡೆ. ಇಷ್ಟು ವರ್ಷ ಇದನ್ನು ಎಲ್ಲರೆದುರು ಹೇಳಿರಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಮನೆ ನಮ್ಮದಲ್ಲ, ಎಸ್ಟೇಟಿನದು. ಅಪ್ಪ ಅಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಲೈನಿನ, ಅಂದರೆ ಸಾಲುಮನೆಗಳ, ಆಳುಗಳ ಹಾಜರಿ ಕೂಗುವುದು, ಕಣದಲ್ಲಿ ಒಣಗುವ ಕಾಫಿಯ ಮೇಲೆ ಕಣ್ಣಿಡುವುದು, ಗೋಡೌನಿನ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವುದು ಅವನ ಕೆಲಸ. ಮುಂದೆ ಜಗಲಿ, ಅದರ ಮೂಲೆಯಲ್ಲಿ ಅಪ್ಪನ ಮೇಜು, ನಡುವಿನ ಕೋಣೆಯಲ್ಲಿ ಅಜ್ಜಿಯ ಮಣೆ, ವಿಭೂತಿ ಗಟ್ಟಿ, ಪೂಜೆಯ ತಂಬಿಗೆ, ಅದರಾಚೆ ಅಡಿಗೆಮನೆ, ಅಡಿಗೆಮನೆಯ ಹಿಂಬಾಗಿಲಿನಾಚೆ ಸೌದೆ ಒಟ್ಟಿದ ಒಂದು ತಗಡಿನ ಚಪ್ಪರ. ಶನಿವಾರಸಂತೆ ಕಡೆಯಿಂದ ಬಂದ ನಾವು ಲಿಂಗ ಕಟ್ಟಿದವರು, ಮಾಂಸ ಮುಟ್ಟದವರು, ಸುತ್ತಲಿನವರಿಗಿಂತ ನಮ್ಮದು ಒಂದು ಕೈ ಮೇಲು ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು. ಅಮ್ಮಿಣಿಯ ಪಾಲಿಗೆ ಮನೆ ಎಂದರೆ ಹಿಂಬಾಗಿಲಿನಿಂದ ಆಚೆಗೆ ಮಾತ್ರ. ಅವಳು ಎರವ ಬುಡಕಟ್ಟಿನ ಹೆಂಗಸು, ಲೈನಿನ ಕೊನೆಯ ಮನೆಯವಳು. ಬೆಳಗ್ಗೆ ಬಂದು ನಮ್ಮ ಅಂಗಳ ಗುಡಿಸಿ, ಸೌದೆ ಒಡೆದು, ಪಾತ್ರೆ ಬೆಳಗಿ, ಆಮೇಲೆ ಕಣಕ್ಕೆ ಹೋಗಿ ಕಾಫಿ ಕೈಯಾಡಿಸುತ್ತಿದ್ದಳು. ಅವಳ ತಟ್ಟೆ, ಲೋಟ ಚಪ್ಪರದ ಗಳುವಿಗೆ ಸಿಕ್ಕಿಸಿರುತ್ತಿತ್ತು. ಅವಳು ಬೆಳಗಿದ ಪಾತ್ರೆಗೆ ಅಮ್ಮ ಮತ್ತೊಮ್ಮೆ ನೀರು ಹಾಕಿಯೇ ಒಳಗೆ ತರುತ್ತಿದ್ದಳು. ಅನ್ನ, ಸಾರು ಮೇಲಿನಿಂದ ಬೀಳುತ್ತಿತ್ತು, ಅವಳು ಕೆಳಗಿನಿಂದ ತಟ್ಟೆ ಹಿಡಿಯುತ್ತಿದ್ದಳು. ಇದರಲ್ಲಿ ಏನೋ ತಪ್ಪಿದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ. ಅಷ್ಟೇ ಅಲ್ಲ, ಅವಳಿಗೆ ಬಿಸಿ ಅನ್ನ ಹಾಕುತ್ತೇವೆ ಎಂಬ ಹೆಮ್ಮೆ ಬೇರೆ ಇತ್ತು ಅಮ್ಮನಿಗೆ.

ಆದರೆ ನನ್ನನ್ನು ಎತ್ತಿ ಬೆಳೆಸಿದ್ದು ಅವಳೇ. ಅಮ್ಮ ಬಾಣಂತನದಲ್ಲಿ ಮೈ ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದಾಗ, ಒಳಗೆ ಬರಬಾರದ ಅಮ್ಮಿಣಿ ಚಪ್ಪರದಲ್ಲಿ ಕೂತು ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಳಂತೆ. ಸಂಜೆ ನನ್ನ ತಲೆಗೆ ಒಂದು ತಂಬಿಗೆ ನೀರು ಹೊಯ್ದು ಅಜ್ಜಿ ಒಳಗೆ ತೆಗೆದುಕೊಳ್ಳುತ್ತಿದ್ದಳು. ದಿನಾ ಸಂಜೆ ಒಂದು ಸ್ನಾನ. ಅದಕ್ಕೇ ನನಗೆ ಬೇಗ ಶೀತ ಆಗುವುದು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅಮ್ಮಿಣಿ ನನ್ನನ್ನು ಹೆಸರು ಹಿಡಿದು ಕರೆದವಳೇ ಅಲ್ಲ, ಯಾವಾಗಲೂ ‘ಕುಂಞಿ’, ಮಗು ಅಂತ. ಅವಳ ಮಗಳು ಗೌರಿ ನನಗಿಂತ ಎರಡು ವರ್ಷ ದೊಡ್ಡವಳು. ಕಾಫಿ ಕಣದ ಸುತ್ತ ನಾವಿಬ್ಬರೂ ಓಡಿ, ಬಿದ್ದು, ಮೊಣಕಾಲು ತರಚಿಕೊಂಡು, ಒಂದೇ ಎಲೆಯ ರಸ ಹಿಂಡಿ ಹಚ್ಚಿಸಿಕೊಂಡವರು. ಮನೆಗೆ ಬಂದರೆ ಅವಳು ಚಪ್ಪರದಲ್ಲಿ, ನಾನು ಒಳಗೆ.

ನಾನು ಕಪ್ಪಗಿದ್ದೆ. ಇದನ್ನು ಹೇಳಲೇಬೇಕು, ಎಲ್ಲದರ ಬೇರು ಅಲ್ಲಿದೆ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಗೋಧಿ ಬಣ್ಣದವರು. ನಾನೊಬ್ಬಳು ಎಲ್ಲಿಂದ ಬಂದೆನೋ. ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ ಎಲ್ಲ ನನ್ನ ಮುಖದ ಮೇಲೆ ಸೋತು ಹೋಗಿದ್ದವು. ನೆಂಟರು ಬಂದಾಗ ಅಜ್ಜಿ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಹೇಳುತ್ತಿದ್ದಳು:

‘ನೋಡ್ರೇ ಇದನ್ನ. ಅಮ್ಮಿಣಿ ಹೊಟ್ಟೇಲಿ ಹುಟ್ಟಬೇಕಿತ್ತು, ದಾರಿ ತಪ್ಪಿ ನಮ್ಮನೆಗೆ ಬಂದದೆ.’

ಎಲ್ಲರೂ ನಗುತ್ತಿದ್ದರು. ಅಜ್ಜಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ತುಪ್ಪದ ಗಸಿಯನ್ನು ಸಕ್ಕರೆ ಹಾಕಿ ನನಗೇ ಇಡುತ್ತಿದ್ದಳು. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಅಮ್ಮಿಣಿ ಚಪ್ಪರದಲ್ಲಿ ಅದನ್ನು ಕೇಳಿಸಿಕೊಂಡು ತಾನೂ ನಗುತ್ತಿದ್ದಳು. ಅವಳು ನಕ್ಕಿದ್ದು ಯಾಕೆ, ಹೇಗೆ ಎಂದು ಆಗ ಯೋಚಿಸಲಿಲ್ಲ. ನನಗೆ ಬಂದದ್ದು ಸಿಟ್ಟು, ಅದೂ ಅಜ್ಜಿಯ ಮೇಲಲ್ಲ, ಅವಳ ಮೇಲೆ. ಅವಳು ಕಪ್ಪಗೆ ಇರುವುದರಿಂದ ತಾನೇ ನನ್ನನ್ನು ಆಡಿಕೊಳ್ಳುವುದು ಎಂದು. ಎಂಥ ಬುದ್ಧಿ ನೋಡಿ.

ಇನ್ನೊಬ್ಬರ ಹಾಗೆ ಮಾತಾಡುವುದು, ನಡೆಯುವುದು ನನಗೆ ಸಣ್ಣಂದಿನಿಂದ ಸಲೀಸು. ಬೆನ್ನು ನೋಡಿದರೆ ಸಾಕು, ನಡಿಗೆ ಬಂದುಬಿಡುತ್ತಿತ್ತು. ಮೊದಲು ಮಾಡಿದ್ದು ಅಜ್ಜಿಯ ಪೂಜೆಯನ್ನು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿರುತ್ತಲೇ ‘ಹಾಲು ಉಕ್ತಾ ಇದೆ ನೋಡ್ರೇ’ ಎಂದು ಕೂಗುತ್ತಿದ್ದಳಲ್ಲ, ಅದನ್ನು. ಬೆನ್ನಿಗೆ ಬಿದ್ದ ಏಟು ಮೂರು ದಿನ ಉರಿಯಿತು. ಆಮೇಲೆ ಎಸ್ಟೇಟಿನ ಸಾವ್ಕಾರರ ಹೆಂಡತಿ ಮೂಗಿಗೆ ಕರ್ಚೀಫು ಹಿಡಿದು ಲೈನಿನ ಮುಂದೆ ನಡೆಯುವುದನ್ನು ಮಾಡಿದೆ. ಅಪ್ಪ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡು ಹೋಗಿ ಕಿವಿ ಹಿಂಡಿದ. ಒಂದು ದಿನ ಅಮ್ಮಿಣಿ ಸೌದೆ ಹೊತ್ತು ಬರುವುದನ್ನು ಮಾಡಿದೆ. ಸೊಂಟ ವಾಲಿಸಿ, ತುಟಿ ಮುಂದೆ ಚಾಚಿ, ಎಲೆ ಅಡಿಕೆ ಉಗುಳಿ. ಅಮ್ಮ ನಕ್ಕಳು. ಅಪ್ಪ ನಕ್ಕ. ಅಜ್ಜಿ ‘ಅಯ್ಯೋ ನಿನ್ನ, ಇನ್ನೊಂದ್ಸಲ ಮಾಡೇ’ ಎಂದು ಕಣ್ಣೊರೆಸಿಕೊಂಡಳು. ಆವತ್ತು ಒಂದು ಪಾಠ ಕಲಿತೆ, ಯಾವ ನಾಟಕ ಶಾಲೆಯೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ: ಯಾರ ಹಾಗೆ ಮಾಡಿದರೆ ಏಟು, ಯಾರ ಹಾಗೆ ಮಾಡಿದರೆ ಮುದ್ದು. ಇನ್ನೊಂದೂ ಇತ್ತು. ನಾನು ಅಮ್ಮಿಣಿಯ ಹಾಗೆ ಮಾಡುವಷ್ಟು ಹೊತ್ತು ಯಾರೂ ನನ್ನನ್ನು ಅಮ್ಮಿಣಿ ಹೊಟ್ಟೆಯಲ್ಲಿ ಹುಟ್ಟಬೇಕಿದ್ದವಳು ಅನ್ನುತ್ತಿರಲಿಲ್ಲ. ಅಣಕಿಸುವವಳು ಬೇರೆ, ಅಣಕಿಸಿಕೊಳ್ಳುವವಳು ಬೇರೆ. ನಾನು ಜಗಲಿಯವಳಾಗಿಬಿಡುತ್ತಿದ್ದೆ.

ಅಮ್ಮಿಣಿಯ ಮಾತು ಎಸ್ಟೇಟಿನ ಎಲ್ಲರ ಮಾತಿನ ಹಾಗೇ ಇತ್ತು. ಒಂದಿಷ್ಟು ಕನ್ನಡ, ಒಂದಿಷ್ಟು ಮಲಯಾಳ, ನಡುವೆ ಅವರದೇ ಮಾತು. ಅಪ್ಪನನ್ನು ‘ರೈಟ್ರೇ’ ಎಂದು ಕರೆಯುತ್ತಿದ್ದಳು. ಬುದ್ದೀ ಗಿದ್ದೀ ಅಂದವಳೇ ಅಲ್ಲ. ಅದು ನಾನು ಸೇರಿಸಿದ್ದು. ತೊದಲುವುದು, ಕಣ್ಣು ಪಿಳಿಪಿಳಿ ಮಾಡುವುದು, ಎಲ್ಲ ನಾನು ಸೇರಿಸಿದ್ದು. ನೋಡುವವರು ನಗುವುದು ಕಡಿಮೆಯಾದಾಗಲೆಲ್ಲ ಒಂದೊಂದು ಸೇರಿಸುತ್ತ ಹೋದೆ. ನೆಂಟರು ಬಂದರೆ ಅಪ್ಪನೇ ಕರೆಯುತ್ತಿದ್ದ, ‘ಬಾರೇ, ಅಮ್ಮಿಣಿ ಮಾಡು’ ಎಂದು. ಅವಳು ಹಿಂದೆ ಪಾತ್ರೆ ಬೆಳಗುತ್ತಿರುವಾಗ ನಾನು ಮುಂದೆ ಅವಳಾಗುತ್ತಿದ್ದೆ.

ಪ್ರತಿವರ್ಷ ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಗೆ ಇನ್ನೂ ದಿನ ಇರುವಾಗ, ಸಾವ್ಕಾರರು ರೈಟರ್ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡುವುದು ಆ ಎಸ್ಟೇಟಿನ ವಾಡಿಕೆ. ಸಾವ್ಕಾರರು ಬಂದು ಉಂಡರೆ ಮುಂದಿನ ವರ್ಷವೂ ರೈಟರ್ ಅವನೇ ಎಂದು ಅರ್ಥ, ಬಾಯಲ್ಲಿ ಹೇಳಬೇಕಿರಲಿಲ್ಲ. ಆ ವರ್ಷ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಕಣದಲ್ಲಿ ಒಣಗಿದ ಕಾಫಿ ಗೋಡೌನಿಗೆ ಬರುವಷ್ಟರಲ್ಲಿ ಕಡಿಮೆ ಬೀಳುತ್ತಿದೆ ಎಂದು ಸಾವ್ಕಾರರು ಹದಿನೈದು ದಿನದಿಂದ ಗೊಣಗುತ್ತಿದ್ದರು. ಬೀಗದ ಕೈ ಅಪ್ಪನ ಸೊಂಟದಲ್ಲಿ. ಕಳ್ಳ ಎಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ, ಆದರೆ ಅಪ್ಪ ಊಟ ಬಿಟ್ಟಿದ್ದ. ಸಾವ್ಕಾರರು ಊಟಕ್ಕೆ ಬರುತ್ತಾರೋ ಇಲ್ಲವೋ ಎಂಬುದೇ ಅನುಮಾನವಾಗಿತ್ತು. ಬಂದರು. ಅಮ್ಮ ಬೆಳಗಿನಿಂದ ಹೋಳಿಗೆ ತಟ್ಟಿದ್ದಳು. ಸಾವ್ಕಾರರು, ಅವರ ಭಾವಮೈದುನ, ಇಬ್ಬರೂ ಉಂಡು ಜಗಲಿಗೆ ಬಂದು ಕೂತರು. ಯಾರಿಗೂ ಮಾತಿಲ್ಲ. ಆ ಮೌನ ತಡೆಯಲಾರದೆ ಅಪ್ಪ ನನ್ನನ್ನು ಕೂಗಿದ.

ನಾನು ಕಾಯುತ್ತಲೇ ಇದ್ದೆ. ಅನ್ನದ ತಪ್ಪಲೆಯ ತಳದ ಮಸಿಯನ್ನು ಮುಖಕ್ಕೆ, ಕುತ್ತಿಗೆಗೆ ಬಳಿದುಕೊಂಡೆ. ಹಿಂದಿನ ಹಗ್ಗದಲ್ಲಿ ಅಮ್ಮಿಣಿ ಒಣಹಾಕಿದ್ದ ಸೀರೆಯನ್ನೇ ಎಳೆದುಕೊಂಡು ಬಂದು ಅವಳ ಹಾಗೆ ಭುಜದ ಮೇಲೆ ಗಂಟು ಹಾಕಿದೆ. ನಡಿಗೆ ಮಾಡಿದೆ, ಸೌದೆ ಹೊತ್ತೆ, ಉಗುಳಿದೆ. ಭಾವಮೈದುನ ನಕ್ಕರು. ಸಾವ್ಕಾರರು ನಗಲಿಲ್ಲ, ಎಲ್ಲೋ ನೋಡುತ್ತಿದ್ದರು. ಅಪ್ಪನ ಮುಖ ಇಳಿಯುತ್ತ ಹೋಯಿತು. ನನಗೆ ಹಠ ಬಂತು. ಕಣದಲ್ಲಿ ಕಾಫಿ ಕೈಯಾಡಿಸುವ ಹಾಗೆ ಮಾಡುತ್ತ ಆ ಕಡೆ ಈ ಕಡೆ ನೋಡಿ, ಒಂದು ಬೊಗಸೆ ತೆಗೆದು ಮಡಿಲಿಗೆ ಸೇರಿಸಿದೆ. ಮತ್ತೆ ನೋಡಿ, ಇನ್ನೊಂದು ಬೊಗಸೆ. ಮಡಿಲು ಭಾರವಾಗಿ ನಡೆಯಲಾರದೆ ಕಾಲು ಅಗಲಿಸಿ ಬಾತುಕೋಳಿಯ ಹಾಗೆ ಹೋದೆ. ‘ಏನೇ ಅದು?’ ಎಂದು ನಾನೇ ಅಪ್ಪನ ದನಿಯಲ್ಲಿ ಕೇಳಿ, ‘ನಾನ್ ಕಾಣೆ ಬುದ್ದೀ’ ಎಂದು ನಾನೇ ಹೇಳಿದೆ. ಸಾವ್ಕಾರರು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ನನ್ನನ್ನು ಹತ್ತಿರ ಕರೆದು ತೊಡೆಗೆ ಆನಿಸಿಕೊಂಡರು.

‘ಏ ಮರಿ, ಚೆನ್ನಾಗಿ ಮಾಡ್ತಿ. ಇದನ್ನ ನೀನು ಕಣ್ಣಾರೆ ನೋಡಿದ್ದಾ?’

ನಾನು ಅಪ್ಪನ ಮುಖ ನೋಡಿದೆ. ಎಂಟು ವರ್ಷದ ಮಗುವಿಗೆ ಏನು ಗೊತ್ತು ಎಂದು ಯಾರೂ ನನ್ನ ಪರವಾಗಿ ವಾದ ಮಾಡಬೇಡಿ. ಗೊತ್ತಿತ್ತು. ಆ ಪ್ರಶ್ನೆಗೆ ಯಾವ ಉತ್ತರ ಬೇಕಾಗಿದೆ ಎಂದು ಅಪ್ಪನ ಕಣ್ಣಲ್ಲಿ ಬರೆದಿತ್ತು, ನನಗೆ ಓದಲು ಬಂತು. ಅದೂ ಅಲ್ಲದೆ ಸಾವ್ಕಾರರ ತೊಡೆಗೆ ಆನಿಕೊಂಡಿದ್ದೆ, ಮಸಿ ಮುಖದವಳನ್ನು ಅವರು ದೂಡಿರಲಿಲ್ಲ. ‘ಇಲ್ಲ, ಸುಮ್ಮನೆ ಮಾಡಿದೆ’ ಎಂದರೆ ದೂರ ಸರಿಸುತ್ತಿದ್ದರು.

‘ಹೂಂ. ದಿನಾ ನೋಡ್ತೀನಿ’ ಎಂದೆ.

ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಸಾವ್ಕಾರರು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಪ್ಪನ ಬೆನ್ನು ತಟ್ಟಿ, ‘ಮನೇಲೇ ಕಳ್ಳಿ ಇಟ್ಕೊಂಡು ಊರೆಲ್ಲಾ ಹುಡುಕ್ತಿದ್ದೀರಲ್ಲ ರೈಟ್ರೇ’ ಎಂದರು. ಆ ಹೊತ್ತಿಗೆ ಅಮ್ಮಿಣಿ ಹಿಂದೆ ಹಾಕಿದ ಊಟದ ಎಲೆ ಎತ್ತುತ್ತಿದ್ದಳು. ಅಮ್ಮ ಅವಳಿಗೂ ಎರಡು ಹೋಳಿಗೆ ಇಟ್ಟಿದ್ದಳು, ಆವತ್ತು.

ಅವರು ಹೋದ ಮೇಲೆ ಬಚ್ಚಲಲ್ಲಿ ಅಮ್ಮ ನನ್ನ ಮುಖ ತಿಕ್ಕುತ್ತಿದ್ದಾಗ ಹೇಳಿಬಿಟ್ಟೆ. ಹೆದರಿಕೆ ಶುರುವಾಗಿತ್ತು.

‘ಅಮ್ಮ, ಅಮ್ಮಿಣಿ ಎತ್ತಿಲ್ಲ. ನಾನೇ ಸುಮ್ನೆ ಮಾಡಿದ್ದು.’

ಅಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೂ ಜೋರಾಗಿ ತಿಕ್ಕಿದಳು.

‘ಬಾಯ್ ಮುಚ್ಚು. ಇದನ್ನ ಇನ್ನೊಂದ್ಸಲ ಯಾರ ಹತ್ರನಾದ್ರೂ ಅಂದ್ಯೋ, ಚರ್ಮ ಸುಲಿದುಬಿಡ್ತೀನಿ. ಅಪ್ಪನ ಕೆಲಸ ಹೋದ್ರೆ ಎಲ್ಲಿಗೆ ಹೋಗೋದು ನಾವು?’

ಅಜ್ಜಿ ನಡುಕೋಣೆಯಿಂದ ಇದನ್ನು ಕೇಳಿಸಿಕೊಂಡಿದ್ದಳು. ಸಂಜೆ ಅಪ್ಪ ಕಾಫಿ ಕುಡಿಯಲು ಕೂತಾಗ ಆ ಮನೆಯಲ್ಲಿ ನಾನು ಕಂಡ ಅತಿ ದೊಡ್ಡ ಜಗಳ ಆಯಿತು. ಅಜ್ಜಿ ಅಮ್ಮಿಣಿಯ ಪರವಾಗಿ ನಿಲ್ಲುತ್ತಾಳೆ ಎಂದು ಯಾರು ಅಂದುಕೊಂಡಿದ್ದರು? ಹಿಂದಿನ ವರ್ಷ ಅಜ್ಜಿಯ ಲಿಂಗದ ಬೆಳ್ಳಿ ಕರಡಿಗೆ ದಾರ ಕಿತ್ತು ಅಂಗಳದಲ್ಲೆಲ್ಲೋ ಬಿದ್ದುಹೋಗಿತ್ತು. ಅಮ್ಮಿಣಿ ಅದನ್ನು ಕಂಡಿದ್ದಳು. ಆದರೆ ತಾನು ಮುಟ್ಟುವ ಹಾಗಿಲ್ಲ. ಕೂಗಿದರೆ ಮನೆಯಲ್ಲಿ ಯಾರೂ ಇಲ್ಲ, ಬಿಟ್ಟು ಹೋದರೆ ಕಾಗೆಯೋ ನಾಯಿಯೋ ಎತ್ತಿಕೊಂಡು ಹೋಗುತ್ತದೆ. ಅದರ ಪಕ್ಕದಲ್ಲೇ, ಉರಿ ಬಿಸಿಲಲ್ಲಿ, ನಾವು ಮದುವೆ ಮನೆಯಿಂದ ವಾಪಸು ಬರುವವರೆಗೂ ನಿಂತಿದ್ದಳು. ಕಣದ ಕೆಲಸ ತಪ್ಪಿಸಿಕೊಂಡದ್ದಕ್ಕೆ ಅಪ್ಪನೇ ಆವತ್ತು ಅವಳ ಹಾಜರಿ ಹಾಕಿರಲಿಲ್ಲ.

‘ಬೆಳ್ಳಿ ಕಾದೋಳು ನಾಲ್ಕು ಕಾಳು ಕಾಫಿ ಎತ್ತುತಾಳೇನೋ? ಹೋಗು, ಸಾವ್ಕಾರ್ರಿಗೆ ಹೇಳು, ಮಗು ಸುಳ್ಳು ಹೇಳ್ತು ಅಂತ.’

‘ಹೇಳಿದ್ರೆ ನಾನೇ ಹೇಳಿಕೊಟ್ಟೆ ಅಂತಾರೆ ಅವ್ವ. ಕಳ್ಳ ಸಿಕ್ಕಿದ ಅಂತ ಈಗ ಸುಮ್ನಾಗಿದಾರೆ.’

‘ನಿನ್ನ ಲಿಂಗದ ಮೇಲೆ ಕೈ ಇಟ್ಟು ಹೇಳು, ಅವಳು ಕಳ್ಳಿ ಅಂತ.’

ಅಪ್ಪ ಲೋಟ ಬಿಸಾಡಿ ಎದ್ದು ಹೋದ. ಅಜ್ಜಿ ರಾತ್ರಿ ಉಣ್ಣಲಿಲ್ಲ. ಮಾರನೆಯ ದಿನ ಉಂಡಳು. ಅದನ್ನೂ ಹೇಳಬೇಕು, ಮಾರನೆಯ ದಿನ ಎಲ್ಲರೂ ಉಂಡೆವು.

ಬೆಳಿಗ್ಗೆ ಹಾಜರಿ ಕೂಗುವಾಗ ಅಪ್ಪ ಅಮ್ಮಿಣಿಯ ಹೆಸರು ಕೂಗಲಿಲ್ಲ. ಎಲ್ಲರೆದುರು ಆಳುಗಳ ಮೇಸ್ತ್ರಿ ಅವಳ ಮಡಿಲು ಬಿಚ್ಚಿಸಿ ಕೊಡವಿಸಿದನಂತೆ. ಎಲೆ ಅಡಿಕೆ ಸಂಚಿಯೊಂದು ಬಿದ್ದಿತಂತೆ, ಬೇರೇನೂ ಇಲ್ಲ. ‘ಇವತ್ತು ಎತ್ತಿಲ್ಲ, ಹುಷಾರಾಗಿದ್ದಾಳೆ’ ಎಂದರಂತೆ. ಅವಳು ಅಲ್ಲಿಂದ ನೇರ ನಮ್ಮ ಹಿಂಬಾಗಿಲಿಗೆ ಬಂದಳು. ಅಮ್ಮ ಒಳಗೇ ಉಳಿದಳು. ನಾನು ಹೊಸ್ತಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ, ಓಡಿಹೋಗಲು ಹೊತ್ತು ಸಿಗಲಿಲ್ಲ. ಅವಳು ಬೈಯಲಿಲ್ಲ. ಅತ್ತು ಕಣ್ಣು ಊದಿತ್ತು. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಮುಖಕ್ಕೆ ಮುಖ ಇಟ್ಟು ಕೇಳಿದಳು:

‘ಕುಂಞಿ, ನಾ ಎತ್ತೋದು ನೀ ಕಂಡ್ಯಾ? ಇಲ್ಲ ಅಂತ ಒಂದು ಸಲ ಹೇಳು ಮಗಾ. ನಿನ್ನ ಮಾತೇ ಎಲ್ಲರೂ ಹೇಳ್ತಾರೆ.’

ಅಷ್ಟೇ ಬೇಕಾಗಿತ್ತು ಅವಳಿಗೆ. ‘ಇಲ್ಲ’ ಎಂಬ ಒಂದು ಮಾತು. ಹಿಂದೆ ಅಡಿಗೆಮನೆಯಲ್ಲಿ ಅಮ್ಮನ ಬಳೆ ಸದ್ದು ನಿಂತಿತ್ತು. ನಾನು ಅಮ್ಮಿಣಿಯನ್ನು ನೋಡುತ್ತಲೇ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಮಾತಾಡಬೇಕಿಲ್ಲವಲ್ಲ. ಆಮೇಲೆ ಎದ್ದು ಒಳಗೆ ಹೋದೆ. ಅವಳು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು. ಹೋಗುವಾಗ ಗಳುವಿನಿಂದ ತನ್ನ ತಟ್ಟೆ, ಲೋಟ ತೆಗೆದುಕೊಂಡು ಹೋದಳು. ಎರಡೇ ದಿನಕ್ಕೆ ಲೈನಿನ ಮನೆ ಖಾಲಿಯಾಯಿತು, ಕುಟ್ಟದ ಕಡೆ ಯಾವುದೋ ತೋಟಕ್ಕೆ ಹೋದರು ಎಂದು ಸುದ್ದಿ ಬಂತು. ಗೌರಿ ಹೋಗುವಾಗ ನನ್ನನ್ನು ಕೂಗಲಿಲ್ಲ. ಕಾಫಿ ಕಡಿಮೆ ಬೀಳುವುದು ನಿಂತಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪನ ಕೆಲಸ ಉಳಿಯಿತು. ನಮ್ಮ ಮನೆಯಲ್ಲಿ ಮುಂದೆ ಯಾರೂ ‘ಅಮ್ಮಿಣಿ ಮಾಡು’ ಎಂದು ಕೇಳಲಿಲ್ಲ. ಅಮ್ಮ ಹೊಸ ಕೆಲಸದವಳನ್ನು ಹುಡುಕಿಕೊಂಡಳು. ನನ್ನ ಮುಖದ ಮಸಿ ಮಾತ್ರ ಕಿವಿಯ ಹಿಂದೆ ನಾಲ್ಕು ದಿನ ಉಳಿದಿತ್ತು.

ಇಷ್ಟಾದ ಮೇಲೂ ನಾನು ಅದನ್ನು ಬಿಟ್ಟೆನೇ? ಇಲ್ಲ. ಮೈಸೂರಿನಲ್ಲಿ ಓದುವಾಗ ನಾಟಕದ ಹುಚ್ಚು ಹಿಡಿದು, ಬೆಂಗಳೂರಿಗೆ ಹೋಗಿ ಧಾರಾವಾಹಿಯವರ ಮುಂದೆ ನಿಂತೆ. ನಾಯಕಿಯ ತಂಗಿ, ನಾಯಕಿಯ ಗೆಳತಿ, ಏನಾದರೂ ಕೊಡಿ ಎಂದೆ. ನಿರ್ದೇಶಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಮನೆಯವರ ಪಾತ್ರಕ್ಕೆ ನಿಮ್ಮ ಬಣ್ಣ ಆಗಲ್ಲಮ್ಮ. ಕೊಡಗಿನವರು ಅಂತೀರಿ, ಈ ಕಾಡಿನ ಜನ ಇರ್ತಾರಲ್ಲ, ಅವರ ಥರ ಏನಾದ್ರೂ ಬರ್ತದಾ?’ ಎಂದು ಕೇಳಿದರು. ಬರುವುದಿಲ್ಲ ಎಂದು ಹೇಳಿ ಎದ್ದು ಬರಬಹುದಿತ್ತು. ಬಾಡಿಗೆ ಕೋಣೆ, ಹಸಿವು, ಎಲ್ಲ ಇತ್ತು, ಆದರೆ ಅದರ ನೆಪ ಹೇಳಲಾರೆ. ನನಗೆ ಅವರಿಂದ ಸೈ ಅನ್ನಿಸಿಕೊಳ್ಳಬೇಕಿತ್ತು, ಜಗಲಿಯ ಮೇಲೆ ಹೇಗೋ ಹಾಗೆಯೇ. ಮಾಡಿದೆ. ಬೊಗಸೆ, ಮಡಿಲು, ಬಾತುಕೋಳಿ ನಡಿಗೆ, ಬುದ್ದೀ. ಕೋಣೆಯಲ್ಲಿದ್ದವರೆಲ್ಲ ಮೇಜು ಕುಟ್ಟಿ ನಕ್ಕರು. ಆದರೂ ಮೇಕಪ್ಪಿನವನು ಬಂದು ನನ್ನ ಕೈ ತಿರುಗಿಸಿ ನೋಡಿ, ‘ಇಷ್ಟು ಕಪ್ಪು ಸಾಲಲ್ಲ ಸಾರ್, ಇನ್ನೂ ಎರಡು ಕೋಟ್ ಬೇಕು’ ಎಂದ. ಜೀವಮಾನವಿಡೀ ಕಪ್ಪು ಎಂದು ಅನಿಸಿಕೊಂಡವಳು ಕೊನೆಗೆ ಅದಕ್ಕೂ ಸಾಲದೆ ಹೋದೆ. ಅಲ್ಲಿಂದ ಮುಂದೆ ಕಾಡಿನವಳು, ಕೆಲಸದವಳು, ಕಳ್ಳಿ. ಬೇರೆ ಪಾತ್ರ ಕೇಳಿದಾಗಲೆಲ್ಲ, ‘ಜನ ನಿಮ್ಮನ್ನ ಹಾಗೇ ಇಷ್ಟಪಡೋದು ಮೇಡಂ’ ಎಂದರು. ಮನೆಯಲ್ಲಿ ಟಿವಿ ಮುಂದೆ ಅಪ್ಪ ಒಂದು ಕಂತೂ ಪೂರ್ತಿ ನೋಡಲಿಲ್ಲ. ಮಡಿಲಿನ ದೃಶ್ಯ ಬರುವಾಗ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವನು ಸಾಯುವವರೆಗೂ.

ಎರಡು ವರ್ಷದ ಹಿಂದೆ ಒಂದು ಕಾಗದ ಬಂತು. ಎರವರ ಹಾಡಿಯಿಂದ ಬಂದು ವಿರಾಜಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ ಬರೆದದ್ದು. ನನ್ನ ಹಳೆಯ ದೃಶ್ಯಗಳು ಈಗ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿವೆಯಂತೆ. ಅಂಗಡಿಯೊಂದರಲ್ಲಿ ಅವಳ ಜೊತೆ ಬಂದವರನ್ನೆಲ್ಲ ಬಿಟ್ಟು ಅವಳೊಬ್ಬಳ ಚೀಲ ಬಿಚ್ಚಿಸಿದರಂತೆ, ನೋಡುತ್ತ ನಿಂತವರು ‘ನಾನ್ ಕಾಣೆ ಬುದ್ದೀ’ ಎಂದು ನಕ್ಕರಂತೆ. ‘ನಮ್ಮಲ್ಲಿ ಯಾರು ಹೀಗೆ ಮಾತಾಡುವುದನ್ನು ನೀವು ಕೇಳಿದ್ದೀರಿ, ದಯವಿಟ್ಟು ತಿಳಿಸಿ’ ಎಂದು ಕೇಳಿದ್ದಳು. ಬೈಗುಳ ಒಂದೂ ಇರಲಿಲ್ಲ. ಮಡಿಲು ಕೊಡವಿಸಿದ್ದು ಒಬ್ಬಳದಲ್ಲ, ನಾನು ಆ ಆಟ ಆಡಿದಷ್ಟು ದಿನವೂ ಎಲ್ಲೋ ಯಾರದೋ ಚೀಲ ಬಿಚ್ಚಿಸುತ್ತಲೇ ಇದ್ದರು ಎಂದು ಆವತ್ತು ತಲೆಗೆ ಹೋಯಿತು. ಉತ್ತರ ಬರೆಯಲು ಕೂತೆ, ಆಗಲಿಲ್ಲ. ಅಮ್ಮಿಣಿಗೆ ಹೇಳದೆ ಅವಳಿಗೆ ಏನು ಹೇಳಲಿ? ಕುಟ್ಟಕ್ಕೆ ಹೋದೆ. ತೋಟದಿಂದ ತೋಟಕ್ಕೆ ಕೇಳುತ್ತ ಹೋಗಿ ಮೂರನೆಯ ದಿನ ಅವರ ಹಾಡಿ ಸಿಕ್ಕಿತು. ಅಮ್ಮಿಣಿ ಇರಲಿಲ್ಲ. ತೀರಿಕೊಂಡು ಆರು ವರ್ಷ. ಗೌರಿ ಇದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು, ಟಿವಿಯಿಂದ. ಒಳಗೆ ಕರೆದು ಚಾಪೆ ಹಾಕಿ, ಕಪ್ಪು ಕಾಫಿ ಕೊಟ್ಟಳು. ಲೋಟವನ್ನು ನನ್ನ ಕೈಗೇ ಕೊಟ್ಟಳು, ಕೈಗೆ ಕೈ ತಾಗಿತು.

ನಾನು ಹೇಳಿದೆ. ಏನನ್ನೂ ಬಿಡದೆ, ಮಂಡಕ್ಕಿಯನ್ನೂ ಬಿಡದೆ. ನಿನ್ನ ಅವ್ವ ಒಂದು ಕಾಳೂ ಎತ್ತಿಲ್ಲ, ನಾನು ನೋಡಿದ್ದು ಸುಳ್ಳು, ಕಟ್ಟಿ ಆಡಿದ್ದು ಎಂದೆ. ಗೌರಿ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಅವಳು ಬೈದರೆ ಬೈಯಲಿ, ಕಾಲು ಹಿಡಿಯೋಣ ಎಂದುಕೊಂಡು ಹೋಗಿದ್ದೆ. ಕ್ಷಮಿಸುತ್ತಾಳೆ ಎಂಬ ಆಸೆಯೂ ಒಳಗೆಲ್ಲೋ ಇತ್ತು, ಯಾಕೆ ಸುಳ್ಳು ಹೇಳಲಿ. ಅವಳು ಬಾಗಿಲ ಕಡೆ ನೋಡುತ್ತಲೇ ಮಾತಾಡಿದಳು. ದನಿ ಏರಲಿಲ್ಲ.

‘ನಮ್ಮಪ್ಪ ಅವ್ವನಿಗೆ ಹೊಡೀತಿತ್ತು, ಕಳ್ಳಿ ಅಂತ. ಸಣ್ಣ ಮಗು ಯಾಕೆ ಸುಳ್ಳು ಹೇಳ್ತದೆ, ನೀನೇ ಎತ್ತಿ ಬೆಳೆಸಿದ್ದಲ್ವಾ ಅದನ್ನ ಅಂತ. ನಾವೂ ಹಾಗೇ ಅಂದ್ಕೊಂಡ್ವಿ. ನಿಮ್ಮ ಸೀರಿಯಲ್ ಬರ್ವಾಗ ನನ್ನ ಮಕ್ಳು ನಗ್ತಿದ್ವು, ಅವ್ವ ಎದ್ದು ಹೊರಗೆ ಹೋಗ್ತಿತ್ತು. ಮಾಡಿದ್ದಕ್ಕೆ ನಾಚ್ಕೆ ಅದಕ್ಕೆ ಅಂತ ನಾನು ಅಂದ್ಕೊಂಡೆ.’

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಸೆರಗು ಸರಿಮಾಡಿಕೊಳ್ಳುವ ಹಾಗೆ ಕೈ ತೆಗೆದುಕೊಂಡಳು.

‘ಜೀವ ಹೋಗೋ ವಾರನೂ ಅದೇ ಮಾತು. ಗೌರೀ, ನಾ ಎತ್ತಿಲ್ಲ ಮಗಾ ಅಂತ. ಆಯ್ತು ಸುಮ್ನೆ ಮಲ್ಕೊ ಅವ್ವ, ಎತ್ತಿದ್ರೆ ಎತ್ತಿದೆ, ಈಗ ಯಾರು ಕೇಳ್ತಾರೆ ಅಂದೆ ನಾನು. ಒಂದು ದಿನನೂ ನಂಬಿಲ್ಲ ನಾನು ಅವ್ವನ್ನ.’

ಹೊರಗೆ ಯಾರೋ ಅವಳನ್ನು ಕೂಗಿದರು. ಅವಳು ಏಳಲಿಲ್ಲ. ಮಾತು ಶುರುವಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

‘ನೀವು ನನಗೆ ಹೇಳಿದ್ರಿ, ನಿಮ್ಮದು ಆಯ್ತು. ನಾನು ಯಾರಿಗೆ ಹೇಳ್ಲಿ?’